ಮಾವ ಮೂರೂವರೆಗೆ ಏಳುತ್ತಾರೆ, ಮಗ ಏಳುವುದೇ ಇಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಅಂಕೋಲಾ ಹತ್ತಿರದ ಊರು. ಮನೆಯಲ್ಲಿ ನಾಲ್ಕು ಜನ. ಮಾವನಿಗೆ 71 ವರ್ಷ. ಮೊದಲು ದೋಣಿಗೆ ಹೋಗುತ್ತಿದ್ದರು, ಈಗ ಮನೆಯಲ್ಲೇ ಇರುತ್ತಾರೆ. ರಾತ್ರಿ ಎಂಟಕ್ಕೆ ಮಲಗಿ ಮೂರೂವರೆಗೆ ಎದ್ದು, ಲೈಟ್ ಹಾಕಿ, ಪಾತ್ರೆ ಸದ್ದು ಮಾಡುತ್ತಾ ಚಾ ಮಾಡಿಕೊಳ್ಳುತ್ತಾರೆ. ಐದೂವರೆಗೆ ಟಾರ್ಚ್ ಹಿಡಿದು ಸಮುದ್ರದ ಕಡೆ ಹೋಗುತ್ತಾರೆ. ಮಗ ಸೆಕೆಂಡ್ ಪಿಯುಸಿ ಸೈನ್ಸ್. ರಾತ್ರಿ ಎರಡರವರೆಗೂ ನಿದ್ದೆ ಬರುವುದಿಲ್ಲ ಅನ್ನುತ್ತಾನೆ. ಆರೂವರೆ ಟ್ಯೂಷನ್‌ಗೆ ಐದೂವರೆಗೆ ಎಬ್ಬಿಸುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತದೆ. ಭಾನುವಾರ ಹನ್ನೊಂದಾದರೂ ಏಳುವುದಿಲ್ಲ. ಮಾವ ಅವನಿಗೆ ಸೋಮಾರಿ ಅಂತ ಬೈಯುತ್ತಾರೆ. ನಮ್ಮನೆಯವರಿಗೆ ಕಾರವಾರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಒಂದು ವಾರ ನೈಟ್, ಆಮೇಲೆ ಸೆಕೆಂಡ್, ಆಮೇಲೆ ಫಸ್ಟ್. ನೈಟ್ ಮುಗಿಸಿ ಬಂದರೆ ಹಗಲು ನಾಲ್ಕು ತಾಸೂ ಮಲಗುವುದಿಲ್ಲ. ಗ್ಯಾಸು, ಸಿಟ್ಟು. ಇವರಲ್ಲಿ ಯಾರದ್ದು ತಪ್ಪು? ಎಲ್ಲರೂ ಒಂದೇ ಹೊತ್ತಿಗೆ ಮಲಗುವ ಹಾಗೆ ಮಾಡುವ ದಾರಿ ಇದೆಯೇ?

ಉತ್ತರ: ನಮಸ್ಕಾರ ತಂಗಿ. ಯಾರದ್ದೂ ತಪ್ಪಿಲ್ಲ. ಎಲ್ಲರನ್ನೂ ಒಂದೇ ಹೊತ್ತಿಗೆ ಮಲಗಿಸುವ ದಾರಿಯೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲರೂ ಈಗಿನದಕ್ಕಿಂತ ಚೆನ್ನಾಗಿ ಮಲಗಬಹುದು. ನಿಮ್ಮ ಮನೆಯಲ್ಲಿ ಯಾರ ಕಣ್ಣಿಗೆ ಯಾವ ಹೊತ್ತಿನಲ್ಲಿ ಬೆಳಕು ಬೀಳುತ್ತಿದೆ ಅನ್ನುವ ಲೆಕ್ಕ ತಪ್ಪಿದೆ. ಅದನ್ನು ಸರಿ ಮಾಡೋಣ.

ನಿದ್ದೆ ಎರಡು ಕಡೆಯಿಂದ ಬರುತ್ತದೆ. ಒಂದು ಹಸಿವಿನ ಥರ. ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ, ಕಣ್ಣು ಭಾರವಾಗುತ್ತದೆ. ಮಲಗಿದರೆ ಇಳಿಯುತ್ತದೆ. ಚಾ, ಕಾಫಿ ಏನು ಮಾಡುತ್ತವೆ ಅಂದರೆ, ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾವು ಹೋಗಿ ಕೂರುತ್ತವೆ. ದಣಿವು ಇದ್ದಲ್ಲೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಎರಡನೆಯದು ಗಡಿಯಾರ. ನೀವು ಎಷ್ಟು ದಣಿದಿದ್ದೀರಿ ಅಂತ ಅದು ಕೇಳುವುದಿಲ್ಲ, ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಈ ಎರಡನ್ನೂ ಜೋಡಿಸಿ ನಿದ್ದೆಯ ಲೆಕ್ಕ ಹೇಳಿದವರು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ, 1982ರಲ್ಲಿ.

ರಾತ್ರಿ ಪೂರ್ತಿ ಯಕ್ಷಗಾನದ ಆಟ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಚೆಂಡೆಯನ್ನು ಕಿವಿಯ ಪಕ್ಕದಲ್ಲೇ ಬಾರಿಸಿದರೂ ತಲೆ ತೂಗುತ್ತದೆ. ಪಕ್ಕದವರ ಹೆಗಲ ಮೇಲೆ ಬೀಳುತ್ತೇವೆ. ಅದೇ ಮನುಷ್ಯ ಆಟ ಮುಗಿದು ಆರೂವರೆಗೆ ಚಾ ಅಂಗಡಿ ಮುಂದೆ ನಿಂತು, ಭಾಗವತರು ಆ ಪದ್ಯವನ್ನು ಎಳೆದದ್ದು ಜಾಸ್ತಿಯಾಯ್ತು ಅಂತ ಚುರುಕಾಗಿ ವಾದ ಮಾಡುತ್ತಾನೆ. ಇನ್ನೂ ಎರಡೂವರೆ ತಾಸು ಹೆಚ್ಚು ನಿದ್ದೆಗೆಟ್ಟಿದ್ದಾನೆ, ಇನ್ನಷ್ಟು ಸೋಲಬೇಕಿತ್ತು ಅಲ್ವಾ? ದಣಿವು ಏರಿದ್ದು ಹೌದು. ಆದರೆ ಅಷ್ಟರಲ್ಲಿ ಗಡಿಯಾರ ಹಗಲಿನ ಕಡೆ ತಿರುಗಿತ್ತು.

ಆ ನಾಲ್ಕು ಗಂಟೆಯ ಹೊತ್ತು ವಿಚಿತ್ರದ್ದು. ರಾತ್ರಿ ಮಲಗಿ ಬೆಳಿಗ್ಗೆ ಏಳುವವರ ಮೈಯ ಬಿಸಿ ಅತಿ ಕಡಿಮೆ ಇರುವುದು ಅದರ ಆಸುಪಾಸಿನಲ್ಲಿ. ಉಬ್ಬಸದವರಿಗೆ ಶ್ವಾಸನಾಳ ಬಿಗಿಯುವುದು ಆಗಲೇ. ಲಾರಿ, ಕಾರು ರಸ್ತೆ ಬಿಟ್ಟು ಇಳಿಯುವುದೂ ಆಗಲೇ ಜಾಸ್ತಿ. ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ನಾಲ್ಕೂಕಾಲಿಗೆ ಕೇಸ್ ಶೀಟಿನಲ್ಲಿ ಔಷಧಿ ಬರೆಯುತ್ತಿದ್ದೆ. ಬೆಳಿಗ್ಗೆ ಸಿಸ್ಟರ್ ಆ ಹಾಳೆಯನ್ನು ಮುಖದ ಮುಂದೆ ಹಿಡಿದರು. ಔಷಧಿಯ ಹೆಸರಿನ ಮೊದಲ ಮೂರು ಅಕ್ಷರ ಇತ್ತು, ಆಮೇಲೆ ಎರೆಹುಳ ಹೋದ ಹಾಗೆ ಒಂದು ಗೀಟು ಹಾಳೆಯ ಅಂಚಿನವರೆಗೆ. ನನಗೆ ನೆನಪೇ ಇಲ್ಲ. ನಾನು ಎಚ್ಚರವಾಗಿಯೇ ಇದ್ದೆ ಅಂತ ವಾದ ಬೇರೆ ಮಾಡಿದ್ದೆ.

ಈ ಗಡಿಯಾರ ಎಲ್ಲಿದೆ ಅಂದರೆ, ಎರಡು ಕಣ್ಣಿನ ನರಗಳು ಮೆದುಳಿನ ಕೆಳಗೆ ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ. ಅಕ್ಕಿ ಕಾಳಿಗಿಂತ ಸಣ್ಣ ಎರಡು ಗಂಟು, ಸುಮಾರು 20,000 ನರಕೋಶಗಳು. ಮೈಯ ಬಿಸಿ, ರಕ್ತದ ಒತ್ತಡ, ಬೆಳಗಿನ ಜಾವ ಏರುವ ಕಾರ್ಟಿಸಾಲ್ ಹಾರ್ಮೋನು, ಸಂಜೆ ಏರುವ ಮೆಲಟೋನಿನ್ ಹಾರ್ಮೋನು ಎಲ್ಲಕ್ಕೂ ಇದೇ ತಾಳ ಹಾಕುವುದು. ಜೀವಕೋಶದೊಳಗೆ ಅದು ತಿರುಗುವ ರೀತಿ ನೋಡಿದರೆ ನನಗೆ ನಮ್ಮ ಅಳಿವೆಯ ಉಪ್ಪುನೀರಿನ ಗದ್ದೆಯ, ಅಂದರೆ ಗಜನಿ ಗದ್ದೆಯ ಬಾಗಿಲು ನೆನಪಾಗುತ್ತದೆ. ಹೊರಗೆ ಏರಿದ ನೀರೇ ಬಾಗಿಲನ್ನು ತಳ್ಳಿ ಮುಚ್ಚುತ್ತದೆ, ಇಳಿದಾಗ ಬಾಗಿಲು ತೆರೆಯುತ್ತದೆ. ಇಲ್ಲೂ ಹಾಗೆ. ಒಂದು ಜೀನ್ ಪ್ರೋಟೀನ್ ಮಾಡಿಸುತ್ತದೆ. ಆ ಪ್ರೋಟೀನ್ ಸಾಕಷ್ಟು ಸೇರಿದಾಗ ತನ್ನನ್ನು ಮಾಡಿಸಿದ ಜೀನನ್ನೇ ಮುಚ್ಚಿಸುತ್ತದೆ. ಮೆಲ್ಲಗೆ ಕರಗಿ ಹೋದಾಗ ಜೀನ್ ಮತ್ತೆ ತೆರೆಯುತ್ತದೆ. ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ದಿನ. ಹಣ್ಣಿನ ನೊಣದಲ್ಲಿ ಇದನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಹೆಚ್ಚುಕಡಿಮೆ ಒಂದು ದಿನ ಅಂದೆ. ಎಲ್ಲ ತೊಂದರೆಯೂ ಆ ಹೆಚ್ಚುಕಡಿಮೆಯಲ್ಲಿದೆ. ಮನುಷ್ಯನ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟರೆ ಸರಾಸರಿ 24 ಗಂಟೆ 11 ನಿಮಿಷಕ್ಕೆ ಒಂದು ಸುತ್ತು ಬರುತ್ತದೆ ಅಂತ ಅಮೆರಿಕದ ಹಾರ್ವರ್ಡಿನವರು 1999ರಲ್ಲಿ ಅಳೆದರು. ದಿನಕ್ಕೆ ಹನ್ನೊಂದು ನಿಮಿಷ ತಡ. ಸರಿ ಮಾಡದಿದ್ದರೆ ಜಾರುತ್ತಲೇ ಹೋಗುತ್ತದೆ. 1962ರಲ್ಲಿ ಫ್ರಾನ್ಸಿನ ಮಿಶೆಲ್ ಸಿಫ್ರ್ ಅನ್ನುವ ಯುವಕ ಗಡಿಯಾರವಿಲ್ಲದೆ ಎರಡು ತಿಂಗಳು ಒಂದು ಗುಹೆಯಲ್ಲಿ ಇದ್ದ. ಅವನನ್ನು ಹೊರಗೆ ಕರೆದಾಗ ಸೆಪ್ಟೆಂಬರ್ 14. ಅವನ ಲೆಕ್ಕದಲ್ಲಿ ಅದು ಇನ್ನೂ ಆಗಸ್ಟ್ 20. ಒಳಗಿದ್ದಾಗ ಎರಡು ನಿಮಿಷ ಅಂದುಕೊಂಡು 120ರವರೆಗೆ ಎಣಿಸಿದರೆ ಹೊರಗಿನ ಗಡಿಯಾರದಲ್ಲಿ ಐದು ನಿಮಿಷ ಕಳೆದಿರುತ್ತಿತ್ತು.

ದಿನವೂ ಆ ಹನ್ನೊಂದು ನಿಮಿಷವನ್ನು ಸರಿ ಮಾಡುವುದು ಬೆಳಕು. ಕಣ್ಣಿನ ಪರದೆಯಲ್ಲಿ ಬೆಳಕು ಎಷ್ಟಿದೆ ಅಂತ ಅಳೆದು ಈ ಗಡಿಯಾರಕ್ಕೆ ಹೇಳುವ ಕೆಲವು ಕೋಶಗಳಿವೆ. ಹಗಲಿನ ಆಕಾಶದ ನೀಲಿಗೆ ಅವು ಹೆಚ್ಚು ಓಗೊಡುತ್ತವೆ. ಈಗ ಮುಖ್ಯ ಮಾತಿಗೆ ಬರುತ್ತೇನೆ, ಇದೊಂದನ್ನು ನೆನಪಿಟ್ಟುಕೊಳ್ಳಿ. ಬೆಳಕು ಯಾವಾಗಲೂ ಒಂದೇ ಕೆಲಸ ಮಾಡುವುದಿಲ್ಲ. ಮೈ ಅತಿ ತಣ್ಣಗಾಗುವ ಒಂದು ಹೊತ್ತಿದೆ ಅಂದೆನಲ್ಲ, ಯಾರೂ ಎಬ್ಬಿಸದೆ ತಾನಾಗಿ ಏಳುವ ಸಮಯಕ್ಕೆ ಎರಡು ಮೂರು ತಾಸು ಮೊದಲು ಅದು ಬರುತ್ತದೆ. ಅದಕ್ಕಿಂತ ಮುಂಚೆ, ಅಂದರೆ ಸಂಜೆಯಿಂದ ನಡುರಾತ್ರಿಯವರೆಗೆ ಬಿದ್ದ ಬೆಳಕು ಗಡಿಯಾರವನ್ನು ತಡ ಮಾಡುತ್ತದೆ. ಅದು ದಾಟಿದ ಮೇಲೆ ಬಿದ್ದ ಬೆಳಕು ಬೇಗ ಮಾಡುತ್ತದೆ. ಒಂದೇ ಟ್ಯೂಬ್‌ಲೈಟ್ ನಿಮ್ಮ ಮನೆಯಲ್ಲಿ ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ಕೆಲಸ ಮಾಡುತ್ತಿದೆ.

ನಮ್ಮ ಕರಾವಳಿಗೆ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಕೈಗಡಿಯಾರ ತೋರಿಸುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಸಮಯ. ಕಾರವಾರ ಇರುವುದು 74 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ತಾಸಿಗೂ ಸ್ವಲ್ಪ ಹೆಚ್ಚು ಹಿಂದೆ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿನಲ್ಲಿ. ಅಸ್ಸಾಮಿನ ದಿಬ್ರುಗಢದಲ್ಲಿ ಜೂನ್‌ನಲ್ಲಿ ನಾಲ್ಕೂಕಾಲರ ಸುಮಾರಿಗೇ ಸೂರ್ಯ ಹುಟ್ಟುತ್ತಾನೆ, ನಮ್ಮಲ್ಲಿ ಆರು ಗಂಟೆಗೆ. ಈಗ ಜನವರಿಯಲ್ಲಂತೂ ಏಳಾಗುತ್ತದೆ. ನಿಮ್ಮ ಮಗನನ್ನು ಐದೂವರೆಗೆ ಎಬ್ಬಿಸುವುದು ಅಂದರೆ ಸೂರ್ಯನಿಗಿಂತ ಒಂದೂವರೆ ತಾಸು ಮೊದಲು ಎಬ್ಬಿಸಿದ ಹಾಗೆ.

ಮಾವನಿಂದ ಶುರು ಮಾಡೋಣ. ಅವರದ್ದು ಸುಲಭ.

ಎಂಟಕ್ಕೆ ಮಲಗಿ ಮೂರೂವರೆಗೆ ಎದ್ದರೆ ಏಳೂವರೆ ತಾಸು ಆಯಿತು. ಈ ವಯಸ್ಸಿಗೆ ಅದು ಧಾರಾಳ. ಅವರಿಗೆ ನಿದ್ದೆ ಕಡಿಮೆಯಾಗಿಲ್ಲ, ಬೇಗ ಬಂದು ಬೇಗ ಮುಗಿಯುತ್ತಿದೆ. ವಯಸ್ಸಾದಂತೆ ಗಡಿಯಾರ ಬೇಗದ ಕಡೆ ಸರಿಯುವುದು ಸಹಜ. ದೋಣಿಯ ರೂಢಿಯೂ ಸೇರಿರಬಹುದು. ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತೇನೆ ಅಂತ ಅವರು ಹೇಳಿಕೊಳ್ಳುತ್ತಿದ್ದರೆ ಒಂದು ಲೆಕ್ಕ ಕೊಡಿ: ಅದು ಶುರುವಾಗುವುದು ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮೊದಲು. ಜನವರಿಯ ಕಾರವಾರದಲ್ಲಿ ಅಂದರೆ ಐದೂಕಾಲು ದಾಟಿದ ಮೇಲೆ. ಮೂರೂವರೆ ಯಾವ ಮುಹೂರ್ತವೂ ಅಲ್ಲ. (ನನ್ನ ಹೆಸರು ಹೇಳಬೇಡಿ.)

ಅವರು ಏನು ಮಾಡುತ್ತಿದ್ದಾರೆ ನೋಡಿ. ಮೂರೂವರೆಗೆ ಟ್ಯೂಬ್‌ಲೈಟ್ ಹಾಕುತ್ತಾರೆ. ಅಷ್ಟರಲ್ಲಿ ಅವರ ಮೈ ತಣ್ಣಗಾಗುವ ಹೊತ್ತು ಕಳೆದಿರುತ್ತದೆ. ಆ ಬೆಳಕು ಗಡಿಯಾರವನ್ನು ಇನ್ನೂ ಬೇಗ ಮಾಡುತ್ತದೆ. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಸಿಗುವ ಎಳೆ ಬಿಸಿಲೂ ಹಾಗೆಯೇ. ಸಂಜೆ ಮಾತ್ರ ಒಳಗೆ ಮಂದ ಬೆಳಕಿನಲ್ಲಿ ಕೂತಿರುತ್ತಾರೆ, ತಡ ಮಾಡುವ ಬೆಳಕು ಸಿಗುವುದೇ ಇಲ್ಲ. ಹಾಗಾಗಿ ಅವರ ತಿರುಗಾಟವನ್ನು ತಿರುಗಿಸಿ. ದಂಡೆಗೆ ಹೋಗುವುದು ಸಂಜೆ ಐದರಿಂದ ಸೂರ್ಯ ಮುಳುಗುವವರೆಗೆ. ಬೆಳಿಗ್ಗೆ ಎದ್ದರೆ ಏಳು ಗಂಟೆಯವರೆಗೆ ಅಡುಗೆ ಮನೆಯಲ್ಲಿ ಒಂದು ಸಣ್ಣ ಹಳದಿ ಬಲ್ಬು ಸಾಕು. ಮಲಗುವುದನ್ನು ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂದೆ ಹಾಕುತ್ತಾ ಒಂಬತ್ತೂವರೆಗೆ ತನ್ನಿ. ಊಟದ ನಂತರದ ಮಧ್ಯಾಹ್ನದ ನಿದ್ದೆ ಅರ್ಧ ತಾಸು ದಾಟಬಾರದು. ಕಣ್ಣಿನ ಪೊರೆ ಇದೆಯೇ ನೋಡಿಸಿ. ಹಳದಿಯಾದ ಮಸೂರ ನೀಲಿ ಬೆಳಕನ್ನೇ ತಡೆಯುತ್ತದೆ, ಗಡಿಯಾರಕ್ಕೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ರಾತ್ರಿ ಪದೇ ಪದೇ ಮೂತ್ರಕ್ಕೆ ಎದ್ದು ನಿದ್ದೆ ಮುರಿಯುತ್ತಿದ್ದರೆ ಅದು ಪ್ರೋಸ್ಟೇಟೋ ಸಕ್ಕರೆಯೋ ಇರಬಹುದು, ಬೇರೆ ತೋರಿಸಬೇಕು. ಬೇಗ ಎದ್ದು ಸುಮ್ನೆ ಗೋಡೆ ನೋಡುತ್ತಾ ಕೂರುವುದು, ಊಟ ಬೇಡ ಅನ್ನುವುದು ಶುರುವಾಗಿದ್ದರೆ ಅದು ಮನಸ್ಸಿನ ಕಾಯಿಲೆಯ ಲಕ್ಷಣ. ಪಾತ್ರೆ ಸದ್ದು ಮಾಡುವವರಲ್ಲಿ ಅಂಥದ್ದು ಕಡಿಮೆ.

ಇನ್ನು ಮಗ. ಅವನಿಗೆ ದಯವಿಟ್ಟು ಸೋಮಾರಿ ಅನ್ನಬೇಡಿ. ಹದಿಹರೆಯದಲ್ಲಿ ಗಡಿಯಾರವೇ ತಡದ ಕಡೆ ಹೋಗುತ್ತದೆ, 20ರ ಸುಮಾರಿಗೆ ಅತಿ ತಡವಾಗಿ, ಆಮೇಲೆ ಮೆಲ್ಲಗೆ ಹಿಂದೆ ಬರುತ್ತದೆ. ಇದು ಹಲವು ದೇಶದ ಹುಡುಗರಲ್ಲೂ ಕಂಡದ್ದು. ಅಮೆರಿಕದ ಮಕ್ಕಳ ವೈದ್ಯರ ಸಂಘ ಈ ಕಾರಣಕ್ಕೇ 2014ರಲ್ಲಿ, ಹೈಸ್ಕೂಲು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರು ಮಾಡಬೇಡಿ ಅಂತ ಹೇಳಿತು. ನಮ್ಮಲ್ಲಿ ಆರೂವರೆಗೆ ಟ್ಯೂಷನ್. ಆ ಬ್ಯಾಚಿನಲ್ಲಿ ಕೂತ ಅರ್ಧ ಮಕ್ಕಳು ಕಣ್ಣು ತೆರೆದು ಮಲಗಿರುತ್ತಾರೆ ಅಂತ ನನ್ನ ಅನುಮಾನ.

ಅವನ ನಿಜವಾದ ಸಮಯ ಭಾನುವಾರ ಗೊತ್ತಾಗುತ್ತದೆ. ಎರಡಕ್ಕೆ ಮಲಗಿ ಹನ್ನೊಂದಕ್ಕೆ ಏಳುತ್ತಾನೆ. ಅದರಲ್ಲಿ ಒಂದು ಪಾಲು ವಾರದ ಸಾಲ ತೀರಿಸುವ ನಿದ್ದೆ, ಬಿಡಿ. ಆದರೂ ಅವನ ಮೈ ತಣ್ಣಗಾಗುವ ಹೊತ್ತು ಬೆಳಿಗ್ಗೆ ಏಳು ಎಂಟರ ಹತ್ತಿರ ಇರಬಹುದು. ಈಗ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಐದೂವರೆಗೆ ಎಬ್ಬಿಸಿ ಮುಖದ ಮೇಲೆ ಟ್ಯೂಬ್‌ಲೈಟ್ ಹಾಕಿದರೆ, ಆ ಬೆಳಕು ಬೀಳುವುದು ಅವನ ನಡುರಾತ್ರಿಯಲ್ಲಿ. ಗಡಿಯಾರ ಬೇಗ ಆಗುವ ಬದಲು ಇನ್ನೂ ತಡ ಆಗುತ್ತದೆ. ಅಂದು ರಾತ್ರಿ ಮತ್ತೆ ಎರಡು. ನೀವು ಕಷ್ಟಪಟ್ಟಷ್ಟೂ ಅವನು ತಡದ ಕಡೆಗೇ ಸರಿಯುತ್ತಿದ್ದಾನೆ.

ಹಾಗಾಗಿ ಮೊದಲ ಕೆಲಸ, ಸಾಧ್ಯವಿದ್ದರೆ ಒಂದು ತಿಂಗಳು ಸಂಜೆ ಬ್ಯಾಚಿಗೆ ಹಾಕಿಸಿ. ಮೇಷ್ಟ್ರ ಹತ್ತಿರ ಈ ಉತ್ತರವನ್ನೇ ತೋರಿಸಿ. ಆಮೇಲೆ ಭಾನುವಾರದಿಂದ ಹಿಡಿಯಿರಿ. ಹನ್ನೊಂದರ ಬದಲು ಒಂಬತ್ತು. ಕಾಲೇಜಿನ ದಿನ ಎಂಟು. ಎದ್ದ ತಕ್ಷಣ ಅಂಗಳಕ್ಕೆ. ಅರ್ಧ ತಾಸು ಅಲ್ಲೇ ಹಲ್ಲುಜ್ಜಲಿ, ಚಾ ಕುಡಿಯಲಿ, ಪುಸ್ತಕ ಹಿಡಿದು ಕೂರಲಿ. ಸೂರ್ಯನನ್ನು ನೇರ ನೋಡುವುದು ಬೇಡ, ಬಯಲಲ್ಲಿ ಇದ್ದರೆ ಸಾಕು. ಎರಡು ಮೂರು ದಿನಕ್ಕೊಮ್ಮೆ ಏಳುವುದನ್ನು ಇಪ್ಪತ್ತು ನಿಮಿಷ ಬೇಗ ಮಾಡಿ. ಏಳುವುದು ಬೇಗ ಆದರೆ ಮಲಗುವುದು ಕೆಲವು ದಿನ ಬಿಟ್ಟು ತಾನಾಗಿ ಹಿಂದೆ ಬರುತ್ತದೆ. ಮೊದಲೇ ಹತ್ತಕ್ಕೆ ಹಾಸಿಗೆಗೆ ಕಳಿಸಿದರೆ ಅವನು ಸುಮ್ನೆ ಫ್ಯಾನ್ ನೋಡುತ್ತಾನೆ, ಹಾಸಿಗೆ ಅಂದರೇ ಬೇಸರ ಬರುತ್ತದೆ. ಎರಡು ಮೂರು ವಾರದಲ್ಲಿ ಆರೂವರೆಗೆ ಏಳುವ ಮಟ್ಟಕ್ಕೆ ಬಂದರೆ ಅದೇ ದೊಡ್ಡದು. ಪರೀಕ್ಷೆ ಹೇಗೂ ಹತ್ತರ ಸುಮಾರಿಗೆ. ಅವನ ವಯಸ್ಸಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೂ ಆ ಹೊತ್ತಿನಲ್ಲೇ.

ಮೊಬೈಲ್ ವಿಷಯ ನೀವು ಕೇಳಿಲ್ಲ, ಆದರೆ ಕೇಳಬೇಕೆಂದಿದ್ದಿರಿ ಅಂತ ಗೊತ್ತು. ಮೊಬೈಲಿನ ನೀಲಿ ಬೆಳಕಿನ ಬಗ್ಗೆ ಸ್ವಲ್ಪ ಅತಿಯಾಗಿ ಹೇಳುತ್ತಾರೆ. ಸಣ್ಣ ಪರದೆಯಿಂದ ಕಣ್ಣಿಗೆ ಬೀಳುವ ಬೆಳಕು ತಲೆಯ ಮೇಲಿನ ಎಲ್‌ಇಡಿ ಬಲ್ಬಿನದ್ದಕ್ಕಿಂತ ಎಷ್ಟೋ ಕಡಿಮೆ. ನೀಲಿ ತಡೆಯುವ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ತೊಂದರೆ ಅದರೊಳಗಿನ ರೀಲ್ಸಿನದ್ದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು, ನಿದ್ದೆ ಬಂದಿದ್ದೂ ಗೊತ್ತಾಗದೆ ಹೋಗುತ್ತದೆ. ಹತ್ತರ ನಂತರ ಕೋಣೆಯ ದೊಡ್ಡ ಲೈಟ್ ಆರಿಸಿ ಒಂದು ಟೇಬಲ್ ಲ್ಯಾಂಪ್ ಇಡಿ, ಫೋನು ಜಗಲಿಯಲ್ಲಿ ಚಾರ್ಜಿಗೆ ಇರಲಿ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧ ಐದು ತಾಸಿನ ನಂತರವೂ ಮೈಯಲ್ಲಿ ಇರುತ್ತದೆ. ಮತ್ತೆ, ಹಂಡೆಯ ಬಿಸಿನೀರಿನ ಸ್ನಾನವನ್ನು ರಾತ್ರಿ ಮಲಗುವುದಕ್ಕೆ ಒಂದೂವರೆ ತಾಸು ಮೊದಲು ಮಾಡಿಸಿ ನೋಡಿ. ಬಿಸಿನೀರಿಗೆ ಚರ್ಮದ ಕಡೆ ರಕ್ತ ಬಂದು ಒಳಗಿನ ಬಿಸಿ ಬೇಗ ಇಳಿಯುತ್ತದೆ. ಇಳಿಯುವ ಬಿಸಿಯ ಜೊತೆ ನಿದ್ದೆ ಬರುತ್ತದೆ.

ಬಯಲಿನ ಬೆಳಕು ಅಂದೆ. ಇದರ ಬಗ್ಗೆ ಒಂದು ಕಥೆ ಹೇಳಬೇಕು. ನನ್ನ ಹತ್ತಿರ ಒಬ್ಬ ಟ್ರಾಲ್ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು, ಬರುತ್ತಾರೆ. ಸಮುದ್ರದಲ್ಲಿ ಹತ್ತು ದಿನ ಇದ್ದರೂ, ಮೂರು ತಾಸಿಗೊಮ್ಮೆ ಬಲೆ ಎಳೆದರೂ, ನಡುವೆ ಸಿಕ್ಕಷ್ಟು ಹೊತ್ತು ಕಲ್ಲಿನ ಹಾಗೆ ಮಲಗುವ ಮನುಷ್ಯ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಅಲ್ವಾ, ಜೂನ್ ಮೂರನೇ ವಾರ ಬಂತೆಂದರೆ ನನ್ನ ಬಾಗಿಲಲ್ಲಿ. ‘ಡಾಕ್ಟ್ರೇ, ನಿದ್ದೆ ಮಾತ್ರೆ ಕೊಡಿ.’ ಏನು ಮಾಡುತ್ತೀರಿ ಅಂತ ಕೇಳಿದರೆ, ಹೊರಗೆ ಮಳೆ, ಇಡೀ ದಿನ ಬಾಗಿಲು ಹಾಕಿಕೊಂಡು ಟಿವಿ ಮುಂದೆ. ನಮ್ಮ ಆಷಾಢದ ಮನೆಗಳೊಳಗೆ ಹಗಲು ಹನ್ನೆರಡಕ್ಕೂ ಲೈಟ್ ಬೇಕು. ಆ ಲೈಟಿನ ಬೆಳಕು ನೂರಿನ್ನೂರು ಲಕ್ಸ್ (ಲಕ್ಸ್ ಅಂದರೆ ಬೆಳಕು ಅಳೆಯುವ ಮಾಪ). ಮೋಡ ಮುಚ್ಚಿದ ಹೊರಗಿನ ಅಂಗಳದಲ್ಲಿ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಬಿಸಿಲಿನ ದಿನ ಲಕ್ಷದ ಹತ್ತಿರ. ನಮ್ಮ ಕಣ್ಣು ಬೆಳಕಿನ ಏರಿಳಿತಕ್ಕೆ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಳಗಿನ ಗಡಿಯಾರಕ್ಕೆ ಮಾತ್ರ ಗೊತ್ತಾಗುತ್ತದೆ. ಅವರಿಗೆ ಮಾತ್ರೆ ಕೊಡಲಿಲ್ಲ. ಬೆಳಿಗ್ಗೆ ಕೊಡೆ ಹಿಡಿದು ಬಂದರಿಗೆ ಹೋಗಿ ದಡದಲ್ಲಿ ನಿಂತ ನಿಮ್ಮ ಬೋಟು ನೋಡಿ ಬನ್ನಿ ಅಂದೆ. ನಕ್ಕರು. ಮರುವರ್ಷ ಜೂನ್‌ನಲ್ಲಿ ಬಂದದ್ದು ಮೊಣಕಾಲು ನೋವಿಗೆ.

ನಿಮ್ಮ ಯಜಮಾನರದ್ದು ಮೂರರಲ್ಲಿ ಕಷ್ಟದ್ದು. ಪೂರ್ತಿ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಒಂದು ವಾರದ ನೈಟ್ ಶಿಫ್ಟಿಗೆ ಗಡಿಯಾರ ತಿರುಗುವುದಿಲ್ಲ. ತಿರುಗಲು ಹೊರಡುವಷ್ಟರಲ್ಲಿ ಶಿಫ್ಟ್ ಬದಲಾಗುತ್ತದೆ. ಬೆಳಿಗ್ಗೆ ಏಳಕ್ಕೆ ಬಿಸಿಲಿನಲ್ಲಿ ಮನೆಗೆ ಬಂದು ಮಲಗುತ್ತಾರೆ, ದಣಿವು ಇರುವುದರಿಂದ ನಿದ್ದೆ ಬರುತ್ತದೆ. ನಾಲ್ಕು ತಾಸಿಗೆ ದಣಿವು ಸ್ವಲ್ಪ ಇಳಿಯಿತೋ ಇಲ್ಲವೋ, ಗಡಿಯಾರ ‘ಮಧ್ಯಾಹ್ನ ಆಯ್ತು, ಏಳು’ ಅನ್ನುತ್ತದೆ. ಅಲ್ಲಿಗೆ ಮುಗಿಯಿತು. ಸಿಟ್ಟು ಬರುವುದು ಸ್ವಭಾವ ಕೆಟ್ಟಿದ್ದಕ್ಕಲ್ಲ, ನಿದ್ದೆಗೆಟ್ಟ ಮೆದುಳಿಗೆ ತಾಳ್ಮೆಯ ಲಗಾಮು ಸಡಿಲವಾಗುತ್ತದೆ.

ಶಿಫ್ಟ್ ಬದಲಾಗುವ ದಿಕ್ಕು ನನಗೆ ಹಿಡಿಸಲಿಲ್ಲ. ನೈಟ್, ಸೆಕೆಂಡ್, ಫಸ್ಟ್ ಅಂತ ಹಿಂದೆ ಹಿಂದೆ ಬರುತ್ತಿದೆ. ನಮ್ಮ ಗಡಿಯಾರಕ್ಕೆ ತಡವಾಗುವುದು ಸುಲಭ, ಬೇಗ ಆಗುವುದು ಕಷ್ಟ. ಆ ಹನ್ನೊಂದು ನಿಮಿಷ ನೆನಪಿದೆಯಲ್ಲ. ಫಸ್ಟ್, ಸೆಕೆಂಡ್, ನೈಟ್ ಅಂತ ಮುಂದೆ ಹೋದರೆ ಮೈ ಸಹಿಸಿಕೊಳ್ಳುತ್ತದೆ. ಅಮೆರಿಕದ ಯೂಟಾದಲ್ಲಿ ಒಂದು ಖನಿಜ ಕಂಪನಿಯಲ್ಲಿ ದಿಕ್ಕನ್ನು ಹೀಗೆ ತಿರುಗಿಸಿ, ಒಂದು ಶಿಫ್ಟಿನಲ್ಲಿ ಮೂರು ವಾರ ಇರುವ ಹಾಗೆ ಮಾಡಿ ನೋಡಿದರು. ಕೆಲಸಗಾರರಿಗೂ ಸಮಾಧಾನ, ಉತ್ಪಾದನೆಯೂ ಹೆಚ್ಚಿತು ಅಂತ 1982ರಲ್ಲಿ ವರದಿಯಾಯಿತು. ಇದು ಒಬ್ಬರ ಕೈಯಲ್ಲಿ ಇಲ್ಲ. ಆದರೆ ಯೂನಿಯನ್ನಿನ ಮೀಟಿಂಗಿನಲ್ಲಿ ಎತ್ತಬಹುದಾದ ಮಾತು, ಕಂಪನಿಗೆ ಖರ್ಚೂ ಇಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು. ನೈಟ್‌ಗೆ ಹೋಗುವ ಮೊದಲು ಸಂಜೆ ಒಂದೂವರೆ ತಾಸು ಮಲಗಲಿ. ಅದನ್ನು ಮಾತ್ರ ಯಾರೂ ಮುರಿಯಬಾರದು, ನೆಂಟರು ಬಂದರೂ. ಕಾಫಿ, ಚಾ ಶಿಫ್ಟಿನ ಮೊದಲ ಅರ್ಧದಲ್ಲಿ, ಎರಡು ಗಂಟೆಯ ಮೇಲೆ ಬೇಡ. ಬೆಳಿಗ್ಗೆ ಬರುವಾಗ ಕಂಪನಿ ಬಸ್ಸಿನಲ್ಲಿ ಟೋಪಿ, ಕಪ್ಪು ಕನ್ನಡಕ ಹಾಕಿಕೊಳ್ಳಲಿ, ಬೆಳಕು ಕಡಿಮೆ ಬೀಳಲಿ. ಬೈಕಿನಲ್ಲಿ ಬರುತ್ತಿದ್ದರೆ ಅದನ್ನು ನಿಲ್ಲಿಸಿ. ನೈಟ್ ಮುಗಿಸಿದವರು ಹೈವೇಯಲ್ಲಿ ಕಣ್ಣು ತೆರೆದೇ ಎರಡು ಸೆಕೆಂಡ್ ಮಲಗಿಬಿಡುತ್ತಾರೆ. ಅದು ಅವರಿಗೂ ಗೊತ್ತಾಗುವುದಿಲ್ಲ, ನನ್ನ ಎರೆಹುಳದ ಗೀಟಿನ ಹಾಗೆ. ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಹಳೆ ಕಂಬಳಿಯಾದರೂ ಆದೀತು. ಕೈ ಮುಂದೆ ಚಾಚಿದರೆ ಬೆರಳು ಕಾಣಬಾರದು, ಅಷ್ಟು ಕತ್ತಲೆ ಬೇಕು.

ಗ್ಯಾಸಿನ ಬಗ್ಗೆ. ಹೊಟ್ಟೆಗೂ, ಲಿವರಿಗೂ ತಮ್ಮದೇ ಗಡಿಯಾರ ಇದೆ. ಮೆದುಳಿನದ್ದು ಬೆಳಕನ್ನು ಕೇಳಿದರೆ ಇವು ಹೆಚ್ಚಾಗಿ ಊಟದ ಹೊತ್ತನ್ನು ಕೇಳುತ್ತವೆ. ರಾತ್ರಿ ಎರಡಕ್ಕೆ ಅನ್ನ, ಮೀನು ಸಾರು ಹೊಟ್ಟೆ ತುಂಬ ಊಟ ಮಾಡಿದರೆ ಕರುಳು ಇನ್ನೂ ಮಲಗಿರುತ್ತದೆ. ಅದೇ ಊಟಕ್ಕೆ ರಕ್ತದಲ್ಲಿ ಸಕ್ಕರೆ ಹಗಲಿಗಿಂತ ರಾತ್ರಿ ಜಾಸ್ತಿ ಏರುತ್ತದೆ. ದೊಡ್ಡ ಊಟ ಹೊರಡುವ ಮೊದಲು ಮನೆಯಲ್ಲಿ ಆಗಲಿ. ನಡುರಾತ್ರಿಗೆ ಬೇಕಿದ್ದರೆ ಒಂದು ಡಬ್ಬಿ ಗಂಜಿ, ಇಲ್ಲ ಬಾಳೆಹಣ್ಣು. ವರ್ಷಕ್ಕೊಮ್ಮೆ ಸಕ್ಕರೆ, ಬಿಪಿ ನೋಡಿಸಿ, ಶಿಫ್ಟಿನವರಲ್ಲಿ ಎರಡೂ ಸ್ವಲ್ಪ ಬೇಗ ಬರುತ್ತವೆ. ಜೋರು ಗೊರಕೆ ಇದ್ದು ನಡುವೆ ಉಸಿರು ನಿಂತ ಹಾಗೆ ಆಗುತ್ತಿದ್ದರೆ ಅದು ಬೇರೆ ಕಾಯಿಲೆ, ತಡಮಾಡದೆ ತೋರಿಸಿ. ಮೆಲಟೋನಿನ್ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಮಂಪರು ಬರಿಸುವ ಮಾತ್ರೆಯಲ್ಲ, ‘ರಾತ್ರಿ ಆಯ್ತು’ ಅಂತ ಮೈಗೆ ಹೇಳುವ ಸೂಚನೆ. ತಪ್ಪು ಹೊತ್ತಿನಲ್ಲಿ ನುಂಗಿದರೆ ತಪ್ಪು ರಾತ್ರಿ ಆಗುತ್ತದೆ. ವೈದ್ಯರನ್ನು ಕೇಳದೆ ಬೇಡ.

ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಮತ್ತು ಅವರ ಜೊತೆಯವರು ಗುಹೆಯ ಬಾವಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಬೆಳಕೇ ಬಾರದ ಗುಹೆಯೊಳಗೆ ಒಂದು ಬಾವಲಿಯನ್ನು ಪಂಜರದಲ್ಲಿ ಇಟ್ಟರು. ಸುತ್ತ ಅದರ ಬಳಗ ದಿನವೂ ಸಂಜೆ ಹಾರಿ ಹೋಗಿ ಬೆಳಗಾಗುವ ಮೊದಲು ಬರುತ್ತಿತ್ತು. ಬಳಗದ ಹೋಗಿಬರುವಿಕೆ ಕೇಳಿಸಿಕೊಂಡೇ ಈ ಒಂಟಿ ಬಾವಲಿ ತನ್ನ ಗಡಿಯಾರ ಸರಿ ಇಟ್ಟುಕೊಂಡಿತು. ಬಳಗ ಇಲ್ಲದ ಗುಹೆಯಲ್ಲಿಟ್ಟದ್ದು ದಿನಾ ಜಾರುತ್ತಾ ಹೋಯಿತು. 1981ರಲ್ಲಿ ಇದು ಪ್ರಕಟವಾಯಿತು.

ನಿಮ್ಮ ಪತ್ರ ಎರಡನೇ ಸಲ ಓದುವಾಗ ನನಗೆ ಆ ಪಂಜರದ ಬಾವಲಿ ನೆನಪಾಯಿತು. ಮನೆಯಲ್ಲಿ ನಾಲ್ಕು ಜನ ಅಂತ ಬರೆದು ಮೂವರ ನಿದ್ದೆಯ ಬಗ್ಗೆ ಹೇಳಿದ್ದೀರಿ. ನಿಮ್ಮದು ಇಲ್ಲ. ಲೆಕ್ಕ ಹಾಕಿದೆ. ಮೂರೂವರೆಗೆ ಪಾತ್ರೆ ಸದ್ದು. ಐದೂವರೆಗೆ ಮಗ. ಏಳಕ್ಕೆ ಯಜಮಾನರ ತಿಂಡಿ. ಸೆಕೆಂಡ್ ಶಿಫ್ಟಿನ ವಾರ ಅವರು ರಾತ್ರಿ ಹನ್ನೊಂದರ ಮೇಲೆ ಬರುವವರೆಗೆ ಊಟಕ್ಕೆ ಕಾಯುವುದು. ಆ ವಾರ ನೀವು ನಾಲ್ಕು ತಾಸು ಮಲಗಿದರೆ ಹೆಚ್ಚು. ನಿಮ್ಮ ಗಡಿಯಾರ ಸರಿಯೇ ಇರಬಹುದು, ಅದನ್ನು ಕೇಳಿಸಿಕೊಳ್ಳಲು ಪುರಸೊತ್ತು ಇಲ್ಲ.

ಸೆಕೆಂಡ್ ಶಿಫ್ಟಿನ ದಿನ ಊಟ ಮುಚ್ಚಿಟ್ಟು ಹತ್ತಕ್ಕೆ ಮಲಗಿ. ಅನ್ನ ಬಡಿಸಿಕೊಳ್ಳುವುದು ಅವರಿಗೆ ಬರುತ್ತದೆ. ಮಾವನ ಚಾ ಪುಡಿ, ಸಕ್ಕರೆ, ಒಂದು ಪಾತ್ರೆ, ಒಂದು ಲೋಟವನ್ನು ರಾತ್ರಿಯೇ ಒಲೆಯ ಪಕ್ಕ ತೆಗೆದಿಡಿ. ಪಾತ್ರೆ ಹುಡುಕುವ ಸದ್ದು ಅರ್ಧ ಕಡಿಮೆಯಾಗುತ್ತದೆ. ಅಡುಗೆ ಮನೆಗೂ ನೀವು ಮಲಗುವ ಕೋಣೆಗೂ ನಡುವೆ ಬಾಗಿಲಿದ್ದರೆ ಹಾಕಿಕೊಳ್ಳಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮೂರು ವಾರ ಹೀಗೆ ಮಾಡಿ ಇನ್ನೊಂದು ಪತ್ರ ಬರೆಯಿರಿ. ಈ ಸಲದ್ದರ ಕೆಳಗೆ ತಾರೀಕಿನ ಜೊತೆ ‘ರಾತ್ರಿ 12.40’ ಅಂತ ಬರೆದಿದ್ದೀರಿ. ಮುಂದಿನದ್ದು ಹಗಲಲ್ಲಿ, ಅಂಗಳದಲ್ಲಿ ಕೂತು ಬರೆಯಿರಿ.